ಮೈಕ್ರೋಸಾಫ್ಟಿನ ಮೊದಲ ಆಟ ಮತ್ತು ನಮ್ಮ ಗಡಿಯಾರ

ಮೈಕ್ರೋಸಾಫ್ಟ್ ಕಂಪೆನಿ ಮಾರಿದ ಮೊದಲ ಆಟ ಯಾವುದು? ಸಂಘದ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆ ನಾವು ಈ ಪ್ರಶ್ನೆ ಹಾಕಿ ನೋಡಿದೆವು. ಆ ಕಂಪೆನಿಯ ಸಂಬಳದಲ್ಲಿ ಮನೆ ಕೊಂಡವರು, ಮಕ್ಕಳನ್ನು ಕಾಲೇಜಿಗೆ ಕಳಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೂ ಬಂದ ಉತ್ತರಗಳು ಎರಡೇ: ಸಾಲಿಟೇರ್, ಇಲ್ಲವೇ ಫ್ಲೈಟ್ ಸಿಮ್ಯುಲೇಟರ್. ಸಾಲಿಟೇರ್ ಬಂದದ್ದು 1990ರಲ್ಲಿ, ವಿಂಡೋಸ್ 3.0ರ ಜೊತೆಗೆ. ಫ್ಲೈಟ್ ಸಿಮ್ಯುಲೇಟರ್ 1982ರದು. ಇವೆರಡಕ್ಕೂ ಮುಂಚೆ, 1979ರಲ್ಲೇ, ನಮ್ಮ ಬೆಲ್‌ವ್ಯೂ ಊರಿನಿಂದ ಹೊರಟದ್ದು 'ಮೈಕ್ರೋಸಾಫ್ಟ್ ಅಡ್ವೆಂಚರ್' ಎಂಬ ಆಟ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಪರದೆಯ ಮೇಲೆ ಬರೀ ಅಕ್ಷರ. ನೀವು ಒಂದು ಗುಹೆಯ ಹತ್ತಿರ ನಿಂತಿದ್ದೀರಿ ಎಂದು ಕಂಪ್ಯೂಟರ್ ಹೇಳುತ್ತದೆ; ಒಂದೆರಡು ಪದ ಟೈಪ್ ಮಾಡಿ ನೀವು ಮುಂದೆ ಹೋಗಬೇಕು.

ಈ ಆಟವನ್ನು ಆದಷ್ಟು ಬೇಗ ಮುಗಿಸಬೇಕೆಂದು ನಾವು ಮೂರು ಮನೆಯವರು ಕಳೆದ ಚಳಿಗಾಲದಲ್ಲಿ ಹೊರಟಿದ್ದೇವೆ. ಇದಕ್ಕೆ ಮಕ್ಕಳ ಭಾಷೆಯಲ್ಲಿ 'ಸ್ಪೀಡ್‌ರನ್' ಎನ್ನುತ್ತಾರೆ. ತಂಡದಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು, ಹೈಸ್ಕೂಲಿನ ಇಬ್ಬರು ಮಕ್ಕಳು, ಮತ್ತು ರಕ್ತದೊತ್ತಡ ನೋಡುವುದರ ಹೊರತು ಬೇರೇನೂ ಬಾರದ ನಾವು. "ಡಾಕ್ಟರಿಗೆ ಬುದ್ಧಿ ಕೆಟ್ಟಿತೇ?" ಎಂದು ಕೇಳಿದವರಿಗೆ ಉತ್ತರವಾಗಿ ಈ ಆಟದ ಚರಿತ್ರೆಯನ್ನೇ ಬರೆಯೋಣ ಎನ್ನಿಸಿತು. ಚರಿತ್ರೆ ನಮ್ಮ ಹವ್ಯಾಸಕ್ಕಿಂತ ದೊಡ್ಡದು.

ಮೊದಲು ಸ್ಪೀಡ್‌ರನ್ ಬಗ್ಗೆ ಎರಡು ಮಾತು. ಆಟವನ್ನು ಗೆದ್ದರೆ ಸಾಲದು, ಎಷ್ಟು ಹೊತ್ತಿನಲ್ಲಿ ಗೆದ್ದಿರಿ ಎಂಬುದೇ ಇಲ್ಲಿ ಮುಖ್ಯ. 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಎಂಬ ಆಟದಲ್ಲಿ ಆಡಿದ್ದನ್ನು ಹಾಗೆಯೇ ಸಣ್ಣ ಫೈಲಿನಲ್ಲಿ ಮುದ್ರಿಸಿಕೊಂಡು ಇನ್ನೊಬ್ಬರಿಗೆ ಕಳಿಸುವ ಸೌಕರ್ಯವಿತ್ತು. ಅದರಿಂದ ಈ ಹವ್ಯಾಸಕ್ಕೆ ಕಾಲು ಬಂತು. 1997ರಲ್ಲಿ 'ಕ್ವೇಕ್' ಆಟವನ್ನು ಒಂದು ತಂಡ 20 ನಿಮಿಷದೊಳಗೆ ಮುಗಿಸಿ ತೋರಿಸಿತು. 2010ರಿಂದ 'ಗೇಮ್ಸ್ ಡನ್ ಕ್ವಿಕ್' ಎಂಬ ಹೆಸರಿನಲ್ಲಿ ಹಗಲೂ ರಾತ್ರಿ ಆಡಿ ಧರ್ಮಕಾರ್ಯಕ್ಕೆ ಹಣ ಎತ್ತುವ ಮೇಳಗಳು ಶುರುವಾದವು. ಬೇಸಿಗೆಯ ಮೇಳದ ಹಣ ಹೋಗುವುದು 'ಡಾಕ್ಟರ್ಸ್ ವಿತೌಟ್ ಬಾರ್ಡರ್ಸ್' ಸಂಸ್ಥೆಗೆ. ವೈದ್ಯರಾದ ನಮಗೆ ಮೊದಲ ಸಲ ಈ ಹುಚ್ಚಿನ ಮೇಲೆ ಗೌರವ ಬಂದದ್ದು ಆ ಸುದ್ದಿಯಿಂದ ಎಂದು ಹೇಳಲು ಸಂಕೋಚವಿಲ್ಲ.

ಇನ್ನು ಅಡ್ವೆಂಚರ್ ಕಥೆ. ಇದು ಶುರುವಾಗುವುದು ಕಂಪ್ಯೂಟರಿನಲ್ಲಲ್ಲ, ಕೆಂಟಕಿ ರಾಜ್ಯದ ನೆಲದ ಕೆಳಗೆ. ಅಲ್ಲಿಯ ಮ್ಯಾಮತ್ ಗುಹೆಯೂ ಪಕ್ಕದ ಫ್ಲಿಂಟ್ ರಿಡ್ಜ್ ಗುಹೆಗಳೂ ಒಳಗೊಳಗೇ ಕೂಡುತ್ತವೆಯೇ ಎಂದು ಎಷ್ಟೋ ವರ್ಷ ಜನ ಹುಡುಕುತ್ತಿದ್ದರು. 1972ರ ಆಗಸ್ಟಿನಲ್ಲಿ ಪೆಟ್ರೀಶಿಯಾ ಕ್ರೌದರ್ ಎಂಬ ಸಣಕಲು ಮೈಯ ಮಹಿಳೆ, ಜೊತೆಯ ಗಂಡಸರಿಗೆ ತೂರಲಾಗದ ಬಿರುಕೊಂದರಲ್ಲಿ ತೂರಿ ಆಚೆ ದಾರಿಯಿದೆ ಎಂದು ಕಂಡುಬಂದರು. ಸೆಪ್ಟೆಂಬರ್ 9ರಂದು ಅವರ ತಂಡ ಆ ದಾರಿಯಲ್ಲೇ ಕೆಸರು, ನೀರು ದಾಟಿ ಹೋಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಮ್ಯಾಮತ್ ಗುಹೆಯಲ್ಲಿ ಪ್ರವಾಸಿಗರಿಗೆಂದು ಹಾಕಿದ್ದ ಕಂಬಿ! ಎರಡು ಗುಹೆಗಳು ಒಂದಾಗಿ ಜಗತ್ತಿನ ಅತಿ ಉದ್ದದ ಗುಹೆಯೆನಿಸಿದ್ದು ಹೀಗೆ.

ಪೆಟ್ರೀಶಿಯಾ ಅವರ ಪತಿ ವಿಲ್ ಕ್ರೌದರ್ ಕೂಡ ಗುಹೆಗಳನ್ನು ಬಲ್ಲವರು. ಮ್ಯಾಸಚುಸೆಟ್ಸ್‌ನ ಬಿಬಿಎನ್ ಕಂಪೆನಿಯಲ್ಲಿ ಕೆಲಸ. ಇಂಟರ್‌ನೆಟ್ಟಿನ ಅಜ್ಜನಾದ ಆರ್ಪಾನೆಟ್ ಜಾಲಕ್ಕೆ ಪ್ರೋಗ್ರಾಂ ಬರೆದವರಲ್ಲಿ ಒಬ್ಬರು. ಗಂಡ ಹೆಂಡತಿ ಇಬ್ಬರೂ ಗುಹೆಯಲ್ಲಿ ಅಳೆದ ಲೆಕ್ಕಗಳನ್ನು ಕಂಪ್ಯೂಟರಿಗೆ ಹಾಕಿ ನಕ್ಷೆ ತೆಗೆಯುತ್ತಿದ್ದರು. ಮುಂದೆ ಇಬ್ಬರೂ ಬೇರೆಯಾದರು. ಇಬ್ಬರು ಪುಟ್ಟ ಹೆಣ್ಣುಮಕ್ಕಳು ಅಪ್ಪನನ್ನು ನೋಡಲು ಬಂದಾಗ ಆಡಿಕೊಳ್ಳಲೆಂದು, ಕಂಪ್ಯೂಟರ್ ಎಂದರೆ ಹೆದರುವವರಿಗೂ ಸುಲಭವಾಗಿರಲೆಂದು, 1975-76ರಲ್ಲಿ ಕ್ರೌದರ್ ಒಂದು ಆಟ ಬರೆದರು. ತಾವು ತೆವಳಿ ತೆವಳಿ ಅಳೆದಿದ್ದ ಬೆಡ್‌ಕ್ವಿಲ್ಟ್ ಎಂಬ ಗುಹೆಯ ಭಾಗವನ್ನೇ ಅದರಲ್ಲಿ ಇಟ್ಟರು. ಒಂದಿಷ್ಟು ನಿಧಿ, ಕೊಡಲಿ ಎಸೆಯುವ ಕುಳ್ಳರು, ಒಂದು ಮಾಯಾಮಂತ್ರ ಸೇರಿಸಿದರು. ಮನೆಯ ಗಂಡ ಹೆಂಡಿರ ಕಥೆ ನಮಗೇಕೆ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ಆಟದ ಹುಟ್ಟಿಗೆ ಅದೇ ಕಾರಣ. ಮುಚ್ಚಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ಮಕ್ಕಳಿಗೆಂದು ಬರೆದದ್ದು ಜಾಲದ ಮೂಲಕ ಊರೂರಿಗೆ ಹರಿಯಿತು. ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಡಾನ್ ವುಡ್ಸ್ ಅವರಿಗೆ ಅದರ ಪ್ರತಿ ಸಿಕ್ಕಿದ್ದು ಎಲ್ಲಿ ಅಂತೀರಿ? ಅಲ್ಲಿಯ ಮೆಡಿಕಲ್ ಸ್ಕೂಲಿನ ಕಂಪ್ಯೂಟರಿನಲ್ಲಿ! (ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ನಮ್ಮ ಕೈಗೆ ಸಿಕ್ಕಿದ್ದು ಗ್ರೇಸ್ ಅನಾಟಮಿ ಒಂದೇ.) ಬರೆದವರು 'ಕ್ರೌದರ್' ಎಂದಷ್ಟೇ ಗೊತ್ತಿತ್ತು, ವಿಳಾಸ ಗೊತ್ತಿರಲಿಲ್ಲ. ವುಡ್ಸ್ ಅವರು ಜಾಲದಲ್ಲಿದ್ದ ಪ್ರತಿಯೊಂದು ಕಂಪ್ಯೂಟರಿಗೂ 'ಕ್ರೌದರ್' ಎಂಬ ಹೆಸರಿಗೆ ಅಂಚೆ ಹಾಕಿದರು. ಆಗ ಜಾಲದಲ್ಲಿದ್ದ ಕಂಪ್ಯೂಟರುಗಳೇ ಬೆರಳೆಣಿಕೆಯಷ್ಟು, ಹೀಗಾಗಿ ಇದು ಆಗುವ ಮಾತಾಗಿತ್ತು. ಕ್ರೌದರ್ ಒಪ್ಪಿದರು. 1977ರಲ್ಲಿ ವುಡ್ಸ್ ಆಟವನ್ನು ಬೆಳೆಸಿ 15 ನಿಧಿ, 350 ಅಂಕ, ಕಳ್ಳ, ರಾಕ್ಷಸ, ಡ್ರ್ಯಾಗನ್ ಎಲ್ಲವನ್ನೂ ತುಂಬಿದರು. ಅಮೆರಿಕದ ಆಫೀಸುಗಳಲ್ಲಿ ಕೆಲಸ ಕೆಟ್ಟಿತು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಆಟ ಓಡುತ್ತಿದ್ದದ್ದು ಪಿಡಿಪಿ-10 ಎಂಬ ಬೀರುವಿನಷ್ಟು ದೊಡ್ಡ ಯಂತ್ರಗಳಲ್ಲಿ. ಈಗ ನಮ್ಮ ಸಿಯಾಟಲ್ ಕಥೆಗೆ ಬರೋಣ. 1968ರಲ್ಲಿ ಇಲ್ಲಿಯ ಲೇಕ್‌ಸೈಡ್ ಶಾಲೆಯ ಹುಡುಗರಾದ ಬಿಲ್ ಗೇಟ್ಸ್, ಪಾಲ್ ಆಲನ್ ಕಂಪ್ಯೂಟರಿಗೆ ಅಂಟಿಕೊಂಡದ್ದು ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿದ್ದ ಒಂದು ಕಂಪೆನಿಯ ಪಿಡಿಪಿ-10ರ ಮೇಲೆಯೇ. ಅವರ ಕಂಪೆನಿ ಆಲ್ಬುಕರ್ಕಿಯಿಂದ ಗಂಟುಮೂಟೆ ಕಟ್ಟಿಕೊಂಡು 1979ರ ಜನವರಿಯಲ್ಲಿ ಬೆಲ್‌ವ್ಯೂ ಪೇಟೆಯ ಬ್ಯಾಂಕ್ ಕಟ್ಟಡಕ್ಕೆ ಬಂತು. ರೆಡ್ಮಂಡ್‌ಗೆ ಹೋದದ್ದು 1986ರಲ್ಲಿ. ಹಾಗೆ ಬಂದವರಲ್ಲಿ ಗಾರ್ಡನ್ ಲೆಟ್ವಿನ್ ಒಬ್ಬರು. 1978ರ ಡಿಸೆಂಬರಿನಲ್ಲಿ ತೆಗೆಸಿದ, ಗಡ್ಡ ಮೀಸೆಯ ಹನ್ನೊಂದು ಜನರ ಪ್ರಸಿದ್ಧ ಫೋಟೋದಲ್ಲಿ ಅವರೂ ಇದ್ದಾರೆ. ಮುಂದೆ ಓಎಸ್/2 ಕಟ್ಟಿದ ಈ ಮನುಷ್ಯ ಮೊದಲು ಮಾಡಿದ ಸಾಹಸ ಎಂದರೆ, ಬೀರುವಿನಷ್ಟು ಯಂತ್ರಕ್ಕೆಂದು ಬರೆದ ಗುಹೆಯನ್ನು ಟಿಆರ್‌ಎಸ್-80 ಎಂಬ ಮನೆಬಳಕೆಯ ಪುಟ್ಟ ಕಂಪ್ಯೂಟರಿಗೆ ಇಳಿಸಿದ್ದು. 32 ಕೆ ಮೆಮೊರಿ, ಒಂದು ಫ್ಲಾಪಿ ಡ್ರೈವ್, ಅಷ್ಟೇ. ಇವತ್ತು ನಮ್ಮ ಫೋನಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರಕ್ಕೂ ಅಷ್ಟು ಜಾಗ ಸಾಲದು. ಲೆಟ್ವಿನ್ ತಮ್ಮದೆಂದು ಗುಹೆಯಲ್ಲಿ ಒಂದು ಕೋಣೆಯನ್ನೂ ಸೇರಿಸಿದರು, ಪ್ರೋಗ್ರಾಂ ಬರೆಯುವವರ ಬಿಲ. ಆಮೇಲೆ ಆಪಲ್ ಕಂಪ್ಯೂಟರಿಗೆ, 1981ರಲ್ಲಿ ಐಬಿಎಂ ಪಿಸಿ ಮಾರುಕಟ್ಟೆಗೆ ಬಂದಾಗ ಅದಕ್ಕೂ ಈ ಆಟ ಬಂತು. ಐಬಿಎಂ ತನ್ನ ಹೆಸರಿನ ಡಬ್ಬಿಯಲ್ಲಿ ಮಾರಿದ ಮೊದಲ ಆಟವೂ ಇದೇ ಎನ್ನಬಹುದು.

ಅದೇ ಪಿಸಿಯ ಜೊತೆ ಪುಕ್ಕಟೆಯಾಗಿ ಬಂದ ಇನ್ನೊಂದು ಆಟವಿತ್ತು, 'ಡಾಂಕಿ'. ಬಿಲ್ ಗೇಟ್ಸ್ ಮತ್ತು ನೀಲ್ ಕಾನ್ಜೆನ್ ರಾತ್ರೋರಾತ್ರಿ ಕೂತು ಬರೆದದ್ದು. ರಸ್ತೆಯಲ್ಲಿ ಕಾರು ಹೋಗುತ್ತದೆ, ಎದುರಿಗೆ ಕತ್ತೆ ಬರುತ್ತದೆ, ಕಾರನ್ನು ಪಕ್ಕಕ್ಕೆ ಸರಿಸಬೇಕು. ನಮ್ಮ ತಂಡದ ಮಕ್ಕಳು ಮೊದಲು ಅದನ್ನೇ ಆರಿಸಿದ್ದರು. ಆದರೆ ಆ ಆಟಕ್ಕೆ ಕೊನೆಯೇ ಇಲ್ಲ, ಕತ್ತೆಗಳು ಬರುತ್ತಲೇ ಇರುತ್ತವೆ. ಕೊನೆಯಿಲ್ಲದ ಮೇಲೆ ಬೇಗ ಮುಗಿಸುವುದೆಂತು? ಹೀಗಾಗಿ ಗುಹೆಗೇ ಬಂದೆವು.

ಅಡ್ವೆಂಚರನ್ನು ಬೇಗ ಮುಗಿಸುವುದು ಎಂದರೆ ಬೆರಳಿನ ವೇಗವಲ್ಲ. ಗೊತ್ತಿಲ್ಲದವನು ಏನು ಮಾಡುತ್ತಾನೆ ನೋಡಿ. ಇಟ್ಟಿಗೆಯ ಪುಟ್ಟ ಮನೆಯೊಳಗೆ ಬೀಗದ ಕೈ, ಲಾಂದ್ರ, ತಿಂಡಿ, ನೀರಿನ ಬಾಟಲಿ ಸಿಗುತ್ತವೆ. ಎಲ್ಲವನ್ನೂ ಹೊತ್ತು, ಹಳ್ಳದ ಜಾಡು ಹಿಡಿದು ಇಳಿದು, ಕಬ್ಬಿಣದ ಜಾಲರಿಯ ಬೀಗ ತೆಗೆದು, ಬಗ್ಗಿ ತೆವಳಿ ಒಳಗೆ ಹೋಗುತ್ತಾನೆ. ಅಲ್ಲೊಂದು ಗೋಡೆಯ ಮೇಲೆ ಅರ್ಥವಿಲ್ಲದ ಐದಕ್ಷರ: ಎಕ್ಸ್, ವೈ, ಝಡ್, ಝಡ್, ವೈ. ಅದೇ ಮಂತ್ರ. ಹೇಳಿದರೆ ಇಟ್ಟಿಗೆ ಮನೆಗೆ ವಾಪಸ್ಸು. ಮನೆಯಲ್ಲಿ ಹೇಳಿದರೆ ಮತ್ತೆ ಗುಹೆಯೊಳಗೆ. ಬಲ್ಲವನು? ಲಾಂದ್ರ ಎತ್ತಿಕೊಂಡು ಮನೆಯಲ್ಲೇ ಮಂತ್ರ ಹೇಳಿಬಿಡುತ್ತಾನೆ. ಬೀಗದ ಕೈ, ಹಳ್ಳ, ಜಾಲರಿ ಎಲ್ಲವೂ ತಪ್ಪಿತು. ಮಂತ್ರವನ್ನು ಗೋಡೆಯ ಮೇಲೆ ಓದಿದ್ದಾನೋ ಇಲ್ಲವೋ ಎಂದು ವುಡ್ಸ್ ಅವರ ಪ್ರೋಗ್ರಾಂ ಕೇಳುವುದೇ ಇಲ್ಲ. ಅಲಿಬಾಬಾನ ಗುಹೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಮಂತ್ರ ಗೊತ್ತಿದ್ದವನಿಗೆ ಬಾಗಿಲು.

ಈ ಐದಕ್ಷರಕ್ಕೂ ನಮಗೂ ಹಳೆಯ ನಂಟು. ರೆಸಿಡೆನ್ಸಿ ಮಾಡುವಾಗ ಕಾಲ್ ಇದ್ದ ರಾತ್ರಿಗಳಲ್ಲಿ, ಡಾಕ್ಟರುಗಳ ಕೋಣೆಯ ಕಂಪ್ಯೂಟರಿನಲ್ಲಿ ಮೈನ್‌ಸ್ವೀಪರ್ ಆಡದವರು ನಮ್ಮ ಪೀಳಿಗೆಯಲ್ಲಿ ಯಾರಿದ್ದಾರೆ? ಆ ಆಟದಲ್ಲೂ ಅದೇ ಐದಕ್ಷರ ಟೈಪ್ ಮಾಡಿ ಶಿಫ್ಟ್ ಕೀಲಿ ಒತ್ತಿದರೆ, ಪರದೆಯ ಮೇಲಿನ ಮೂಲೆಯಲ್ಲಿ ಒಂದೇ ಒಂದು ಚುಕ್ಕಿ ಬಣ್ಣ ಬದಲಿಸಿ, ಬಾಂಬ್ ಎಲ್ಲಿದೆ ಎಂದು ಗುಟ್ಟು ಹೇಳುತ್ತಿತ್ತು. ಅದು ಕೆಂಟಕಿಯ ಗುಹೆಯಿಂದ ಬಂದ ಮಂತ್ರ ಎಂದು ಆಗ ಯಾರಿಗೆ ಗೊತ್ತು!

ವುಡ್ಸ್ ಅವರ ಮೂಲ ಆಟದಲ್ಲಿ ಇಂಥ ಮರ್ಮಗಳು ಇನ್ನೂ ಇವೆ. ಪ್ರಾರಂಭದಲ್ಲಿ "ಸೂಚನೆ ಬೇಕೇ?" ಎಂದು ಕಂಪ್ಯೂಟರ್ ಕೇಳುತ್ತದೆ. ಬೇಡವೆಂದರೆ ಲಾಂದ್ರದ ಬ್ಯಾಟರಿ 330 ಹೆಜ್ಜೆಗೆ ಮುಗಿಯುತ್ತದೆ. ಬೇಕು ಎಂದವನನ್ನು ಹೊಸಬನೆಂದು ತಿಳಿದು 1000 ಹೆಜ್ಜೆ ಕೊಡುತ್ತದೆ, ಆದರೆ 5 ಅಂಕ ಕತ್ತರಿಸುತ್ತದೆ. ಪದಗಳಲ್ಲಿ ಮೊದಲ ಐದು ಅಕ್ಷರವನ್ನಷ್ಟೇ ಅದು ಓದುತ್ತದೆ, ಏಕೆಂದರೆ ಪಿಡಿಪಿ-10ರ ಒಂದು ಪದದ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದದ್ದು ಐದೇ ಅಕ್ಷರ. ಆರನೆಯದನ್ನು ಟೈಪ್ ಮಾಡಿದರೆ ಕಾಲಹರಣ. ಒಮ್ಮೆಗೆ ಏಳು ಸಾಮಾನಿಗಿಂತ ಹೆಚ್ಚು ಹೊರುವಂತಿಲ್ಲ. ಸೇತುವೆ ಕಾಯುವ ರಾಕ್ಷಸ ಸುಂಕಕ್ಕೆ ಒಂದು ನಿಧಿ ಕೇಳುತ್ತಾನೆ; ಅವನಿಗೆ ಚಿನ್ನದ ಮೊಟ್ಟೆ ಕೊಟ್ಟು ದಾಟಿ, ಆಮೇಲೆ ನಾಲ್ಕು ಪದದ ಮಂತ್ರ ಹೇಳಿದರೆ ಮೊಟ್ಟೆಗಳು ತಮ್ಮ ಹಳೆಯ ಜಾಗಕ್ಕೆ ಮರಳುತ್ತವೆ. ಡ್ರ್ಯಾಗನ್ನನ್ನು ಕೊಲ್ಲಲು ಹೊರಟರೆ "ಬರಿಗೈಯಲ್ಲೇ?" ಎಂದು ಕೇಳುತ್ತದೆ, "ಹೌದು" ಎಂದರೆ ಸಾಕು, ಸತ್ತೇ ಹೋಗುತ್ತದೆ. 350ರ ಕೊನೆಯ ಒಂದು ಅಂಕವಂತೂ ಪ್ರೋಗ್ರಾಮಿನ ಒಳಗನ್ನು ಓದದೆ ಸಿಗುವಂಥದ್ದಲ್ಲ: ಗುಹೆಯಲ್ಲಿ ಬಿದ್ದಿರುವ ಒಂದು ಮಾಸಪತ್ರಿಕೆಯನ್ನು ಒಯ್ದು 'ವಿಟ್ಸ್ ಎಂಡ್' ಎಂಬ ದಿಕ್ಕೆಟ್ಟ ಜಾಗದಲ್ಲಿ ಬಿಟ್ಟುಬರಬೇಕು. ಇಷ್ಟೆಲ್ಲ ಗೊತ್ತಿದ್ದರೂ ಕೊಡಲಿ ಎಸೆಯುವ ಕುಳ್ಳರು, ನಿಧಿ ಕದಿಯುವ ಕಳ್ಳ ಯಾವಾಗ ಎದುರಾಗುತ್ತಾರೋ ಹೇಳಲಾಗದು. ಅದು ದೈವೇಚ್ಛೆ.

ನಮ್ಮ ತಂಡದ ಹುಡುಗಿಗೆ ಅಭಿಮನ್ಯುವಿನ ಕಥೆ ಹೇಳುವ ಅವಕಾಶ ನಮಗೆ ಸಿಕ್ಕಿದ್ದು ಇಲ್ಲಿಯೇ. ಒಳಗೆ ಹೋಗುವ ದಾರಿ ಬಲ್ಲವನು, ಹೊರಗೆ ಬರುವುದನ್ನು ಕಲಿಯುವ ಮೊದಲೇ ಕಥೆ ನಿಂತುಹೋಯಿತು. "ಹಾಗಾದರೆ ಅವನಿಗೆ ಮ್ಯಾಪ್ ಯಾರೂ ಕೊಡಲಿಲ್ವಾ ಅಂಕಲ್?" ಎಂದಳು. ಹಳೇಬೀಡಿನ ಗೋಡೆಯ ಮೇಲೆ ಚಕ್ರವ್ಯೂಹವನ್ನು ಕೆತ್ತಿದ್ದಾರೆ, ಮುಂದಿನ ಸಲ ಊರಿಗೆ ಹೋದಾಗ ಬೆರಳಿಟ್ಟು ದಾರಿ ಹುಡುಕು ಎಂದೆವು. ಬೇಸಿಗೆ ರಜೆಗೆ ಅವಳ ಪಟ್ಟಿಯಲ್ಲಿ ಈಗ ಹಳೇಬೀಡೂ ಸೇರಿದೆ. ಅವಳ ತಾಯಿಗೆ ಆಶ್ಚರ್ಯ.

ಆಟದಲ್ಲಿ ದಾರಿ ಕಲಿತರೆ ಏನು ಬಂತು ಎಂದು ಕೇಳುವವರಿಗೆ ಒಂದು ನಿಜ ಸಂಗತಿ. ಮ್ಯಾಮತ್ ಗುಹೆಯನ್ನು ಅಳೆಯುವ ತಂಡವೊಂದರ ಮುಖ್ಯಸ್ಥರು ಬರೆದಿಟ್ಟದ್ದು. ಅವರ ಜೊತೆ ಬಂದ ಮಹಿಳೆಯೊಬ್ಬರು ಬೆಡ್‌ಕ್ವಿಲ್ಟ್ ಗುಹೆಗೆ ಅದೇ ಮೊದಲ ಸಲ ಇಳಿದಿದ್ದರು, ಆದರೆ ಅಡ್ವೆಂಚರ್ ಆಟ ಅವರಿಗೆ ಬಾಯಿಪಾಠ. ಹೋದಲ್ಲೆಲ್ಲ ಇದು ಇಂಥ ಕೋಣೆ, ಮುಂದೆ ಇಂಥದ್ದು ಎಂದು ಹೇಳುತ್ತಲೇ ನಡೆದರು. ನಡುವೆ ಒಮ್ಮೆ ಮುಖ್ಯಸ್ಥರೂ ಹೋಗಿರದ ದಿಕ್ಕಿಗೆ ಓಡಿಹೋಗಿ ಆ 'ವಿಟ್ಸ್ ಎಂಡ್' ನೋಡಿಬಂದರು. ತಾವು ಅಂದುಕೊಂಡಂತೆಯೇ ಇದೆ ಎಂದರು. ಹಿಂದಿರುಗುವಾಗ ಮುಂದಾಳಾಗಿ ಅವರನ್ನೇ ಬಿಟ್ಟರೆ, ಒಂದು ತಿರುವೂ ತಪ್ಪದೆ ಎಲ್ಲರನ್ನೂ ಹೊರಗೆ ತಂದರಂತೆ. ಅಪ್ಪನೊಬ್ಬ ಮಕ್ಕಳಿಗೆಂದು ಬರೆದ ಆಟದಲ್ಲಿ ಗುಹೆಯ ನಕ್ಷೆ ಅಷ್ಟು ಖಚಿತವಾಗಿ ಉಳಿದಿತ್ತು. ನಾವು ಈ ಯೋಜನೆಗೆ ಕೈಹಾಕಲು ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಡೆನಿಸ್ ಜೆರ್ಜ್ ಎಂಬ ಪ್ರಾಧ್ಯಾಪಕರು ಕ್ರೌದರ್ ಅವರ ಮೂಲ ಪ್ರೋಗ್ರಾಮನ್ನು ಸ್ಟ್ಯಾನ್‌ಫರ್ಡಿನ ಹಳೆಯ ಪ್ರತಿಗಳ ನಡುವಿನಿಂದ ಹೊರತರಿಸಿ, ಸ್ವತಃ ಗುಹೆಗೂ ಇಳಿದು ಹೋಲಿಸಿ ನೋಡಿ, 2007ರಲ್ಲಿ ದೀರ್ಘ ಲೇಖನ ಪ್ರಕಟಿಸಿದರು. ಅಲ್ಲಿಯವರೆಗೆ ಆ ಮೂಲ ಕಳೆದೇಹೋಯಿತೆಂದು ಜನ ನಂಬಿದ್ದರು.

ಇನ್ನು ದಾಖಲೆಯ ವಿಚಾರ. "ನಾವು ಇಷ್ಟು ಹೊತ್ತಿನಲ್ಲಿ ಮುಗಿಸಿದೆವು" ಎಂದು ಹೇಳುವುದು ಸುಲಭ, ನಂಬಿಸುವುದು ಕಷ್ಟ. ನಮ್ಮ ರೆಡ್ಮಂಡ್‌ನವರೇ ಆದ ಶಾಲಾ ಮೇಷ್ಟರು ಸ್ಟೀವ್ ವೀಬಿ ಅವರ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಡಾಂಕಿ ಕಾಂಗ್ ಆಟದಲ್ಲಿ 2004ರ ಜುಲೈನಲ್ಲಿ ಮನೆಯಲ್ಲೇ 10,06,600 ಅಂಕ ಗಳಿಸಿ ವಿಡಿಯೋ ಟೇಪ್ ಕಳಿಸಿದರು. ಯಂತ್ರದೊಳಗಿನ ಬೋರ್ಡಿನ ಮೇಲೆ ಅನುಮಾನ ಎದ್ದಿತು. ಮೇಷ್ಟರು ದೇಶದ ಆ ತುದಿಗೆ, ನ್ಯೂ ಹ್ಯಾಂಪ್‌ಶೈರಿನ ಲಕೋನಿಯಾ ಊರಿಗೆ ಹೋಗಿ, ನೂರು ಕಣ್ಣುಗಳ ಮುಂದೆ ಆಡಿ 9,85,600 ಗಳಿಸಿ ತೋರಿಸಬೇಕಾಯಿತು. 2007ರಲ್ಲಿ ಇದೇ ಕಥೆ 'ಕಿಂಗ್ ಆಫ್ ಕಾಂಗ್' ಎಂಬ ಸಾಕ್ಷ್ಯಚಿತ್ರವಾಯಿತು. ಅವರ ಎದುರಾಳಿಯ ಟೇಪುಗಳ ಬಗೆಗಿನ ಜಗಳ 2018ರಲ್ಲಿ ಮತ್ತೆ ಭುಗಿಲೆದ್ದು, ಕೋರ್ಟು ಹತ್ತಿ, 2024ರಲ್ಲಿ ರಾಜಿಯಲ್ಲಿ ಮುಗಿಯಿತು. ಒಂದು ಕೋತಿಯಾಟಕ್ಕೆ ಇಷ್ಟು ವರ್ಷ!

ಇದಕ್ಕಿಂತ ನಮಗೆ ಹಿಡಿಸಿದ್ದು 'ಡ್ರ್ಯಾಗ್‌ಸ್ಟರ್' ಎಂಬ 1980ರ ಅಟಾರಿ ಆಟದ ಪ್ರಸಂಗ. ಅದರಲ್ಲಿ ಟಾಡ್ ರಾಜರ್ಸ್ ಎಂಬವರ ಹೆಸರಿನಲ್ಲಿ 5.51 ಸೆಕೆಂಡಿನ ದಾಖಲೆ 1982ರಿಂದ ನಿಂತಿತ್ತು. ಎರಿಕ್ ಕೋಜಿಯಲ್ ಎಂಬ ಹವ್ಯಾಸಿ ಆಟದ ಪ್ರೋಗ್ರಾಮನ್ನೇ ಬಿಚ್ಚಿ, ಕಾರಿನ ವೇಗ ಪ್ರತಿ ಕ್ಷಣ ಹೇಗೆ ಏರುತ್ತದೆ ಎಂದು ಲೆಕ್ಕ ಹಾಕಿದರು. ಯಾವ ರೀತಿ ಆಡಿದರೂ 5.57ಕ್ಕಿಂತ ಕೆಳಗೆ ಬರುವುದಿಲ್ಲ! 2018ರ ಜನವರಿಯಲ್ಲಿ ಆ ದಾಖಲೆಯನ್ನು ಪುಸ್ತಕದಿಂದ ತೆಗೆದರು. ಲ್ಯಾಬ್ ರಿಪೋರ್ಟಿನಲ್ಲಿ ಜೀವಂತ ಮನುಷ್ಯನಿಗೆ ಇರಲಾರದ ಸಂಖ್ಯೆ ಬಂದಾಗ ನಾವು ರೋಗಿಯನ್ನು ಬಿಟ್ಟು ಯಂತ್ರವನ್ನು ನೋಡುತ್ತೇವಲ್ಲ, ಇದೂ ಹಾಗೆಯೇ.

ಎಲ್ಲಿಂದ ಎಲ್ಲಿಗೆ ಅಳೆಯುತ್ತೇವೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು ಭಾಗಿಸಿ 100 ಮೀಟರಿಗೆ 9.55 ಎಂದರು, ಉಸೇನ್ ಬೋಲ್ಟ್ ಸೋತ ಎಂದು ಜಗತ್ತೆಲ್ಲ ಸುದ್ದಿಯಾಯಿತು. ಗೌಡರ ಓಟ ಅದ್ಭುತ, ಸಂದೇಹವಿಲ್ಲ. ಆದರೆ ಕೆಸರುಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ. ಭಾಗಾಕಾರದಿಂದ ಎರಡೂ ಒಂದಾಗುವುದಿಲ್ಲ. ನಮ್ಮ ವೃತ್ತಿಯಲ್ಲೂ ಇದೇ ತಕರಾರು. ಹೃದಯಾಘಾತದ ರೋಗಿ ಬಂದರೆ ಮುಚ್ಚಿದ ರಕ್ತನಾಳವನ್ನು 90 ನಿಮಿಷದೊಳಗೆ ತೆರೆಯಬೇಕೆಂಬ ಗುರಿಯಿದೆ, ಆ ಗಡಿಯಾರ ಓಡುವುದು ಆಸ್ಪತ್ರೆಯ ಬಾಗಿಲಿನಿಂದ. ಆದರೆ ರೋಗಿಯ ಗಡಿಯಾರ ಮನೆಯಲ್ಲೇ ಓಡತೊಡಗಿರುತ್ತದೆ. 1970ರಲ್ಲಿ ಹಾರ್ಬರ್‌ವ್ಯೂ ಆಸ್ಪತ್ರೆಯ ಡಾ. ಲೆನರ್ಡ್ ಕಾಬ್, ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ ಸಿಯಾಟಲ್‌ನಲ್ಲಿ 'ಮೆಡಿಕ್ ಒನ್' ಕಟ್ಟಿದ್ದೇ ಆ ಮೊದಲ ನಿಮಿಷಗಳನ್ನು ಉಳಿಸಲು. ಹೀಗಾಗಿ ನಮ್ಮ ಆಟದಲ್ಲೂ ಗಡಿಯಾರ ಎಲ್ಲಿ ಶುರು ಎಂಬುದಕ್ಕೆ ನಾವು ಒಂದು ಇಡೀ ಸಂಜೆ, ಎರಡು ಫ್ಲಾಸ್ಕ್ ಕಾಫಿ ಖರ್ಚು ಮಾಡಿದೆವು. ಫ್ಲಾಪಿ ಓದಿಕೊಳ್ಳುವ ಹೊತ್ತು ಲೆಕ್ಕಕ್ಕಿಲ್ಲ. ಮೊದಲ ಪ್ರಶ್ನೆ ಪರದೆಗೆ ಬಂದ ಕ್ಷಣದಿಂದ, ಕೊನೆಯ ಅಂಕ ಪರದೆಗೆ ಬರುವವರೆಗೆ ಎಂದು ತೀರ್ಮಾನ.

ಯಂತ್ರದ ವಿಷಯ ಅಷ್ಟು ಸುಲಭವಲ್ಲ. ಕೆಲವು ವರ್ಷಗಳ ಹಿಂದೆ ಆಗಿದ್ದರೆ ನಾವು ಸೀದಾ ಸಿಯಾಟಲ್‌ನ ಫಸ್ಟ್ ಅವೆನ್ಯೂ ಸೌತಿಗೆ ಹೋಗುತ್ತಿದ್ದೆವು. ಪಾಲ್ ಆಲನ್ ಅಲ್ಲಿ 2012ರಲ್ಲಿ ಹಳೆಯ ಕಂಪ್ಯೂಟರುಗಳ ಮ್ಯೂಸಿಯಂ ತೆರೆದಿದ್ದರು, 'ಲಿವಿಂಗ್ ಕಂಪ್ಯೂಟರ್ಸ್'. ಹೆಸರಿಗೆ ತಕ್ಕಂತೆ ಯಂತ್ರಗಳೆಲ್ಲ ಜೀವಂತ. ಪಿಡಿಪಿ-10 ಗುಂಯ್‌ಗುಡುತ್ತಿತ್ತು, ಮಕ್ಕಳು ಕೂತು ಟೈಪ್ ಮಾಡಬಹುದಿತ್ತು. ಊರಿನಿಂದ ಬಂದ ನೆಂಟರಿಗೆ ಸ್ಪೇಸ್ ನೀಡಲ್ ತೋರಿಸಿದ ಮೇಲೆ ನಾವು ಕರೆದೊಯ್ಯುತ್ತಿದ್ದದ್ದು ಅಲ್ಲಿಗೇ. ಆಲನ್ 2018ರಲ್ಲಿ ತೀರಿಕೊಂಡರು. 2020ರಲ್ಲಿ ಕೊರೋನಾ ಬಂದು ಬಾಗಿಲು ಹಾಕಿತು, ಮತ್ತೆ ತೆರೆಯಲೇ ಇಲ್ಲ. 2024ರಲ್ಲಿ ಅಲ್ಲಿಯ ಎಷ್ಟೋ ವಸ್ತುಗಳು ಕ್ರಿಸ್ಟೀಸ್ ಹರಾಜಿನಲ್ಲಿ ಹೋದವು. ಹುಡುಗ ಆಲನ್ ಕಲಿತ ಜಾತಿಯ ಯಂತ್ರ, ಕ್ರೌದರ್ ಗುಹೆ ಬರೆದ ಜಾತಿಯ ಯಂತ್ರ, ಸುತ್ತಿ ಸುತ್ತಿ ನಮ್ಮ ಊರಿಗೇ ಬಂದು ನಿಂತಿತ್ತು. ಅದು ಚದುರಿಹೋದದ್ದನ್ನು ನೆನೆದರೆ ನಮಗೆ ಈಗಲೂ ಕಸಿವಿಸಿ. ಶ್ರೀಮಂತನೊಬ್ಬನ ಪ್ರೀತಿಯ ಮೇಲೆ ನಿಂತ ಮ್ಯೂಸಿಯಮ್ಮಿಗೆ ಅವನ ಆಯುಸ್ಸಿನಷ್ಟೇ ಆಯುಸ್ಸು.

ಹೀಗಿರಲಾಗಿ ನಮ್ಮ ಆಧಾರ ಎಂಜಿನಿಯರ್ ಸ್ನೇಹಿತರ ಗರಾಜು. ಬಹಳ ಹಿಂದೆ ಬೆಲ್‌ವ್ಯೂನ ಗರಾಜ್ ಸೇಲ್ ಒಂದರಲ್ಲಿ ಪುಸ್ತಕಗಳ ರಾಶಿಯ ಜೊತೆ ಅವರಿಗೆ ಈ ಆಟದ ಐಬಿಎಂ ಡಬ್ಬಿ ಬಂದಿತ್ತು, ಕೈಪಿಡಿ ಸಮೇತ. ಅವರ ಪತ್ನಿ ನಾಲ್ಕು ಸಲ ಅದನ್ನು ಗುಡ್‌ವಿಲ್ ಚೀಲಕ್ಕೆ ಹಾಕಿದ್ದರಂತೆ, ನಾಲ್ಕು ಸಲವೂ ಇವರು ವಾಪಸ್ ತೆಗೆದಿದ್ದಾರೆ. ಆ ಫ್ಲಾಪಿಗೆ ಡಾಸ್ ಬೇಡ, ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಬೇಕು. ನಲವತ್ತು ವರ್ಷ ದಾಟಿದ ಕಾಂತಪಟ್ಟಿ. ಪದೇ ಪದೇ ಓದಿಸಿದರೆ ಸವೆದುಹೋಗುತ್ತದೆ. ಆದ್ದರಿಂದ ಅಭ್ಯಾಸವೆಲ್ಲ ಹಳೆಯ ಪಿಸಿಯನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ, ಅದೂ ಮೂಲ ಯಂತ್ರದ 4.77 ಮೆಗಾಹರ್ಟ್ಸ್ ವೇಗಕ್ಕೆ ಕಟ್ಟಿಹಾಕಿ. ಇಂದಿನ ಕಂಪ್ಯೂಟರಿನ ವೇಗ ಬಿಟ್ಟರೆ ನಮ್ಮ ಸಮಯಕ್ಕೆ ಅರ್ಥವಿಲ್ಲ. ದಾಖಲೆಗೆಂದು ಆಡುವ ದಿನ ಮಾತ್ರ ನಿಜವಾದ ಯಂತ್ರ, ನಿಜವಾದ ಫ್ಲಾಪಿ. ಪರದೆ ಮತ್ತು ಕೈ ಎರಡೂ ಕಾಣುವಂತೆ ವಿಡಿಯೋ.

ಈಗ ನಡೆಯುತ್ತಿರುವುದು ನಕ್ಷೆಯ ಕೆಲಸ. ವುಡ್ಸ್ ಅವರ ಆಟದ ಮರ್ಮಗಳು ಮೇಲೆ ಹೇಳಿದೆವಲ್ಲ, ಲಾಂದ್ರದ ಲೆಕ್ಕ, ಐದಕ್ಷರ, ಮೊಟ್ಟೆಯ ಮಂತ್ರ, ಅವನ್ನು ಒಂದೊಂದಾಗಿ ಲೆಟ್ವಿನ್ ಅವರ ಫ್ಲಾಪಿಯಲ್ಲಿ ಆಡಿ ಪರೀಕ್ಷಿಸಿ ಗುರುತು ಹಾಕುತ್ತಿದ್ದೇವೆ. ಒಂದೇ ತೆರನಾದ ಸಂದುಗಳ ಚಕ್ರವ್ಯೂಹದಲ್ಲಿ ಪ್ರತಿ ತಿರುವಿಗೆ ಒಂದೊಂದು ಸಾಮಾನು ಕೆಳಗಿಟ್ಟು ಗುರುತು ಮಾಡುವುದು ಹಳೆಯ ಉಪಾಯ. ಅದು ಹುಡುಗಿಯ ಪಾಲಿಗೆ. ಹುಡುಗ ಹೆಜ್ಜೆ ಎಣಿಸುತ್ತಾನೆ. ನಾವು ಬರೆದುಕೊಳ್ಳುತ್ತೇವೆ, ನಮ್ಮ ಅಕ್ಷರವನ್ನು ಮಕ್ಕಳು ಓದಲಾರರು ಎಂಬ ದೂರು ಇದ್ದೇ ಇದೆ. ಮೊದಲ ಸಲ ಹದಿನೈದೂ ನಿಧಿಗಳನ್ನು ಇಟ್ಟಿಗೆ ಮನೆಗೆ ಸೇರಿಸಲು ಒಂದು ಶನಿವಾರ ಮಧ್ಯಾಹ್ನ ಪೂರ್ತಿ ಹಿಡಿಯಿತು, ನಡುವೆ ಬಿಸಿಬೇಳೆ ಭಾತ್ ಕೂಡ. ಈಗ ಊಟಕ್ಕೆ ಕರೆಯುವ ಮೊದಲೇ ಮುಗಿಯುತ್ತದೆ. ಇಡೀ ಆಟದಲ್ಲಿ ಬಹಳ ಹೊತ್ತು ತಿನ್ನುವುದು ಕಳ್ಳನ ಪೆಟ್ಟಿಗೆ. ಅವನು ಬರುವವರೆಗೆ ಕಾಯಬೇಕೋ, ಅವನ ಅಡಗುತಾಣಕ್ಕೆ ಮೊದಲೇ ಹೋಗಿ ನಿಲ್ಲಬೇಕೋ ಎಂಬುದರಲ್ಲಿ ತಂಡ ಎರಡಾಗಿ ಹೋಳಾಗಿದೆ.

ಸದಸ್ಯರಲ್ಲಿ ವಿನಂತಿ. 1980ರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರ ಗರಾಜು, ಬೇಸ್‌ಮೆಂಟುಗಳಲ್ಲಿ ಟಿಆರ್‌ಎಸ್-80, ಆಪಲ್ ಟೂ, ಹಳೆಯ ಐಬಿಎಂ ಪಿಸಿ, ಅವುಗಳ ಕೀಬೋರ್ಡು, ಫ್ಲಾಪಿ, ಕೈಪಿಡಿ ಏನಿದ್ದರೂ ಗುಡ್‌ವಿಲ್ಲಿಗೆ ಹಾಕುವ ಮೊದಲು ಸಂಘದ ಯಾವುದಾದರೂ ಕಾರ್ಯಕ್ರಮದಲ್ಲಿ ನಮಗೆ ಒಂದು ಮಾತು ಹೇಳಿ. ಆಗ ಆಫೀಸಿನಲ್ಲಿ ಈ ಆಟ ಆಡಿದ ನೆನಪಿರುವವರಿದ್ದರೆ ಇನ್ನೂ ಒಳ್ಳೆಯದು. ಟೇಪ್ ರೆಕಾರ್ಡರ್ ಹಿಡಿದು ಮನೆಗೇ ಬರುತ್ತೇವೆ, ಕಾಫಿ ಸಾಕು. ಮುಂದಿನ ಸರದಿ ಶನಿವಾರ ಮಧ್ಯಾಹ್ನ ಎರಡಕ್ಕೆ. ನೋಡಲು ಬರುವವರು ಆಡುವವರಿಗೆ ದಾರಿ ಹೇಳಿಕೊಡಬಾರದು, ಅದೊಂದೇ ನಿಯಮ.